ಮರಳಲ್ಲಿ ನಿಂತು, ಕಾದರೆ ಮತ್ತೆ ಸ್ಟಾರ್ಟ್ ಆಗುವ ಬೈಕು: ದೋಷ ಹುಡುಕುವ ಬಗೆ

ಲಕ್ಷಣ ಇಷ್ಟು. ಬೆಳಗ್ಗೆ ಗಾಡಿ ಚೆನ್ನಾಗಿ ಓಡುತ್ತದೆ. ಬಿಸಿಲೇರಿದ ಮೇಲೆ ಮರಳಿನ ಏರಿನಲ್ಲಿ ಫಸ್ಟ್, ಸೆಕೆಂಡ್ ಗೇರಲ್ಲಿ ಎಳೆಯುವಾಗ ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದರೆ ಮತ್ತೆ ಅದೇ.

ನನಗೆ ಇದು ಆಗಿದ್ದು ಕ್ಯಾಲಿಫೋರ್ನಿಯಾದ ಮೊಹಾವಿ ರೋಡಿನಲ್ಲಿ, ಮಾರ್ಚ್ ಕೊನೆಯ ವಾರ. ಗಾಡಿ 400 ಸಿಸಿಯ, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಡ್ಯುಯಲ್ ಸ್ಪೋರ್ಟ್, ಅಂದರೆ ನಂಬರ್ ಪ್ಲೇಟ್ ಇದ್ದು ರಸ್ತೆಯಲ್ಲೂ ಮಣ್ಣಿನಲ್ಲೂ ಓಡುವ ಬೈಕು. ಜೊತೆಗೆ ಧಾರವಾಡದ ಗೆಳೆಯ, ಅವನದು ಇನ್ನೊಂದು ಬೈಕು. ಮೊಹಾವಿ ರೋಡ್ ಸುಮಾರು 220 ಕಿಲೋಮೀಟರಿನ ಮಣ್ಣು, ಮರಳು, ಕಲ್ಲಿನ ದಾರಿ. ಅಲ್ಲಿನ ಮೂಲನಿವಾಸಿಗಳಾದ ಮೊಹಾವಿ ಜನರು ಒಂದು ಒರತೆಯಿಂದ ಇನ್ನೊಂದು ಒರತೆಗೆ ನಡೆದು ವ್ಯಾಪಾರಕ್ಕೆ ಹೋಗುತ್ತಿದ್ದ ಹಳೇ ಕಾಲುದಾರಿ ಅದು. 1860ರ ದಶಕದಲ್ಲಿ ಸೈನ್ಯದ ಕುದುರೆ ಗಾಡಿಗಳು ಅದರ ಮೇಲೆ ಓಡಾಡಿದವು. ಈಗ ಅದರ ದೊಡ್ಡ ಭಾಗ 1994ರಲ್ಲಿ ಆದ ಮೊಹಾವಿ ನ್ಯಾಷನಲ್ ಪ್ರಿಸರ್ವ್ ಎಂಬ ಸಂರಕ್ಷಿತ ಪ್ರದೇಶದ ಒಳಗಿದೆ. ನಂಬರ್ ಪ್ಲೇಟ್ ಇಲ್ಲದ ಡರ್ಟ್ ಬೈಕಿಗೆ ಅಲ್ಲಿ ಪ್ರವೇಶವಿಲ್ಲ, ಅದಕ್ಕೇ ಡ್ಯುಯಲ್ ಸ್ಪೋರ್ಟ್ ಬೇಕು. ಒಳಗೆ ಪೆಟ್ರೋಲ್ ಬಂಕ್ ಇಲ್ಲ. ಬಹಳ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಮೆಕ್ಯಾನಿಕ್ ಯಾರು ಎಂದರೆ ನೀವೇ.

ನಾವು ಪಶ್ಚಿಮದಿಂದ ಹೊರಟೆವು. ಆಫ್ಟನ್ ಕಣಿವೆಯಲ್ಲಿ ನದಿ ದಾಟಿ, ಒಣಗಿದ ಸೋಡಾ ಲೇಕ್ ಮೇಲೆ ಓಡಿಸಿದೆವು. ಕೆರೆಯ ನಡುವೆ ಒಂದು ಕಲ್ಲಿನ ಗುಡ್ಡೆ ಇದೆ. ದಾರಿಹೋಕರೆಲ್ಲ ಒಂದೊಂದು ಕಲ್ಲು ತಂದು ಹಾಕಿ ಬೆಳೆಸಿದ್ದು. ನಾವೂ ಹಾಕಿದೆವು. ಅಲ್ಲಿಂದ ಕೆಲ್‌ಬೇಕರ್ ರಸ್ತೆ ಸಿಗುವ ತನಕ ಗಾಡಿ ಗಡಿಯಾರದ ಹಾಗೆ ಓಡಿತು. ರಸ್ತೆ ಪಕ್ಕ ನಿಂತು ಕ್ಯಾನಿನಲ್ಲಿದ್ದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದೆ. ಟ್ಯಾಂಕ್ ಬ್ಯಾಗಿನ ಪಟ್ಟಿ ಸಡಿಲವಾಗಿತ್ತು, ಬಿಗಿಯಾಗಿ ಎಳೆದು ಕಟ್ಟಿದೆ. ಆಮೇಲೆ ಮಾರ್ಲ್ ಸ್ಪ್ರಿಂಗ್ಸ್ ಎಂಬ ಒರತೆಯ ಕಡೆ ಏರು ಶುರುವಾಯಿತು. ಅಲೆ ಅಲೆಯಾಗಿ ಎದ್ದ ಮರಳು, ಒಂದರ ಹಿಂದೆ ಒಂದು ದಿಬ್ಬ. ಅಲ್ಲಿ ಮೂರು ಸಲ ನಿಂತೆ. ಮೊದಲ ಎರಡು ಸಲ ತಪ್ಪು ಮಾಡಿದೆ. ಈ ಬರಹ ಆ ಎರಡು ತಪ್ಪಿನ ಸಲುವಾಗಿಯೇ.

ಮೊದಲ ಸಲ ನಿಂತಾಗ ಬಿಸಿಗೆ ಹೀಗಾಗಿದೆ ಅಂದುಕೊಂಡೆ. ನೀರು ಕುಡಿದೆವು. ಹತ್ತು ನಿಮಿಷಕ್ಕೆ ಗಾಡಿ ಸ್ಟಾರ್ಟ್ ಆಯಿತು. ಎರಡನೇ ಸಲ ಪ್ಲಗ್ ಬಿಚ್ಚಿ ಹೊಸದು ಹಾಕಿದೆ. ಸ್ಟಾರ್ಟ್ ಆಯಿತು. ಪ್ಲಗ್ಗೇ ಹೋಗಿತ್ತು ಎಂದು ಖುಷಿಪಟ್ಟೆ. ಆದರೆ ಪ್ಲಗ್ ಬದಲಿಸಲು ಅರ್ಧ ಗಂಟೆ ಹಿಡಿದಿತ್ತು. ಸುಮ್ನೆ ಕೂತಿದ್ದರೂ ಅಷ್ಟರಲ್ಲಿ ಅದು ಸ್ಟಾರ್ಟ್ ಆಗುತ್ತಿತ್ತು. ಕಾದರೆ ಸರಿಹೋಗುವ ದೋಷದ ತೊಂದರೆಯೇ ಇದು. ಕಾಯುವ ಹೊತ್ತಿನಲ್ಲಿ ನೀವು ಏನು ಮಾಡಿದರೂ ಅದಕ್ಕೇ ಹೆಸರು ಬರುತ್ತದೆ. ಪ್ಲಗ್ ಬದಲಿಸಿದರೆ ಪ್ಲಗ್ಗಿಗೆ, ಬ್ಯಾಟರಿ ವೈರ್ ಬಿಗಿ ಮಾಡಿದರೆ ವೈರಿಗೆ. ಅದಕ್ಕೇ ಹೇಳುವುದು, ಪರೀಕ್ಷೆಯೆಲ್ಲ ಗಾಡಿ ನಿಂತ ಮೊದಲ ಒಂದೆರಡು ನಿಮಿಷದೊಳಗೆ ಆಗಬೇಕು. ಎಂಜಿನ್ ಬಿಸಿಯಿದ್ದಾಗ, ದೋಷ ಇನ್ನೂ ಅಲ್ಲೇ ಇದ್ದಾಗ. ಮತ್ತೆ ಒಂದು ಸಲಕ್ಕೆ ಒಂದೇ ಪರೀಕ್ಷೆ.

ಹೇಗೆ ನಿಂತಿತು?

ಟೂಲ್ ಬ್ಯಾಗಿಗೆ ಕೈ ಹಾಕುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಸ್ವಿಚ್ ಆರಿಸಿದ ಹಾಗೆ ಟಕ್ಕನೆ ನಿಂತಿತಾ? ಹಾಗಿದ್ದರೆ ಕರೆಂಟಿನ ಕಡೆ ನೋಡಿ. ಮೊದಲು ಜರ್ಕ್ ಹೊಡೆದು, ಥ್ರಾಟಲ್ ಬಿಟ್ಟಾಗ ಸ್ವಲ್ಪ ಚೇತರಿಸಿಕೊಂಡು, ಮತ್ತೆ ಕೊಟ್ಟಾಗ ಸೋತು ನಿಂತಿತಾ? ಅದು ಪೆಟ್ರೋಲ್ ಸಾಲದ ಲಕ್ಷಣ. ರಿಸರ್ವಿಗೆ ಬಿದ್ದಾಗ ಗಾಡಿ ಹೇಗಾಡುತ್ತದೆ, ನೆನಪಿಸಿಕೊಳ್ಳಿ, ಥೇಟ್ ಹಾಗೆಯೇ. ಗಂಟೆಗಟ್ಟಲೆಯಿಂದ ನಿಧಾನಕ್ಕೆ ಪಿಕಪ್ ಕಡಿಮೆಯಾಗುತ್ತಾ ಬಂದು, ಸೈಲೆನ್ಸರಿನಿಂದ ಕಪ್ಪು ಹೊಗೆ ಕಂಡಿದ್ದರೆ ಏರ್ ಫಿಲ್ಟರ್ ನೋಡಿ. ಎಂಜಿನ್ ಸದ್ದು ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಅದು ಎಂಜಿನ್ನಿನ ದೋಷವೇ ಅಲ್ಲ, ಕ್ಲಚ್ಚು.

ಹಿಂದೆ ಬರುತ್ತಿದ್ದವರನ್ನೂ ಕೇಳಿ. ಹೆಲ್ಮೆಟ್ಟಿನೊಳಗೆ ನಮಗೆ ಕೇಳದ್ದು ಅವರಿಗೆ ಕೇಳಿರುತ್ತದೆ. ನನ್ನ ಗೆಳೆಯ ಎರಡನೇ ಸಲವೇ ಹೇಳಿದ್ದ: "ಲೇ, ಪ್ಲಗ್ ಅಲ್ಲ ಅನ್ಸತೈತಿ. ರಿಸರ್ವಿಗೆ ಬಿದ್ದಂಗ ಮಾಡಾಕತ್ತಿತ್ತು." ಟ್ಯಾಂಕ್ ತುಂಬಿದೆಯಲ್ಲ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ಪ್ರಶ್ನೆ, ದೋಷ ಶುರುವಾಗುವ ಮುಂಚೆ ಕೊನೆಗೆ ಏನನ್ನು ಮುಟ್ಟಿದಿರಿ? ಹೊಸ ಪೆಟ್ರೋಲ್ ಹಾಕಿದಿರಾ, ಬಿದ್ದಿರಾ, ನೀರು ದಾಟಿದಿರಾ, ಲಗೇಜ್ ಬದಲಿಸಿದಿರಾ? ನನ್ನ ಉತ್ತರ ಕೆಲ್‌ಬೇಕರ್ ರಸ್ತೆಯ ಪಕ್ಕದಲ್ಲೇ ಇತ್ತು. ಕ್ಯಾನಿನ ಪೆಟ್ರೋಲ್ ಮೇಲೆ ಅನುಮಾನ ಬಂತು. ಪಟ್ಟಿಯ ಮೇಲೆ ಬರಲಿಲ್ಲ.

ಮೊದಲ ಪರೀಕ್ಷೆ: ಟ್ಯಾಂಕಿನ ಮುಚ್ಚಳ

ಪೆಟ್ರೋಲ್ ಸಾಲದ ಹಾಗೆ ನಿಂತಿದ್ದರೆ, ನಿಂತ ಕೂಡಲೇ ಕೀ ಆಫ್ ಮಾಡಿ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ಕಿವಿ ಕೊಟ್ಟು ಕೇಳಿ. ಬೆರಳನ್ನು ಮುಚ್ಚಳದ ಅಂಚಿಗೆ ಹಿಡಿಯಿರಿ. ಗಾಳಿ ಒಳಗೆ ಎಳೆದುಕೊಂಡರೆ ಬೆರಳಿಗೆ ತಣ್ಣಗೆ ಗೊತ್ತಾಗುತ್ತದೆ. ಗಾಳಿ ಹೊರಗೆ ನುಗ್ಗಿದರೆ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯುತ್ತದೆ. ಎಂಜಿನ್ ಕೆಂಡದಂತಿರುತ್ತದೆ, ಟ್ಯಾಂಕ್ ಕಂಠದ ತನಕ ತುಂಬಿದ್ದರೆ ಪೆಟ್ರೋಲ್ ಉಕ್ಕಬಹುದು. ಮುಚ್ಚಳದ ಸುತ್ತ ಬಟ್ಟೆ ಹಿಡಿದು ತೆರೆಯಿರಿ.

ಒಳಗೆ ಎಳೆದುಕೊಂಡ ಸದ್ದು ಬಂದು, ಕಾಯದೆ ಸೆಲ್ಫ್ ಒತ್ತಿದಾಗ ಅರ್ಧ ನಿಮಿಷದೊಳಗೆ ಸ್ಟಾರ್ಟ್ ಆದರೆ ದೋಷ ಸಿಕ್ಕಿತು: ಟ್ಯಾಂಕಿಗೆ ಉಸಿರಿಲ್ಲ.

ಇದು ಹೇಗಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದನ್ನು ಕಡೆಗಣಿಸುವವರೇ ಜಾಸ್ತಿ. ಪಂಪ್ ಇಲ್ಲದ ಗಾಡಿಯಲ್ಲಿ ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುವುದು ತನ್ನ ತೂಕದಿಂದ ಮಾತ್ರ. ಒಂದಡಿ ಎತ್ತರದ ಪೆಟ್ರೋಲಿನ ಒತ್ತಡ ಎಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರಕ್ಕೆ 2 ಪಾಲು. ಅಷ್ಟೇ. ಪೆಟ್ರೋಲ್ ಕೆಳಗೆ ಇಳಿದಷ್ಟೂ ಗಾಳಿ ಮೇಲಿನಿಂದ ಒಳಗೆ ಬರಬೇಕು. ಬರದಿದ್ದರೆ ಒಳಗಿನ ಒತ್ತಡ ಇಳಿಯುತ್ತದೆ. ನೂರಕ್ಕೆ 2 ಪಾಲು ಇಳಿದರೆ ಸಾಕು, ಪೆಟ್ರೋಲ್ ಅಲ್ಲೇ ನಿಲ್ಲುತ್ತದೆ. ಟ್ಯಾಂಕಿನಲ್ಲಿ 2 ಲೀಟರ್ ಮಾತ್ರ ಖಾಲಿ ಜಾಗ ಇದ್ದರೆ 40 ಮಿಲಿಲೀಟರ್ ಪೆಟ್ರೋಲ್ ಖರ್ಚಾಗುವಷ್ಟರಲ್ಲಿ ಹೀಗಾಗಬಹುದು. ಅದೇ 10 ಲೀಟರ್ ಖಾಲಿ ಇದ್ದರೆ 200 ಮಿಲಿಲೀಟರ್ ಬೇಕು. ಪೆಟ್ರೋಲಿನ ಆವಿ ಸ್ವಲ್ಪ ಒತ್ತಡ ತುಂಬಿಕೊಡುತ್ತದೆ, ಗಾಳಿಯೂ ಎಲ್ಲೋ ಒಂದಿಷ್ಟು ನುಸುಳುತ್ತದೆ. ಹಾಗಾಗಿ ನಿಜವಾಗಿ ನಿಲ್ಲುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆದರೂ ಲೆಕ್ಕದ ದಾರಿ ಇದೇ. ಟ್ಯಾಂಕ್ ತುಂಬಿಸಿದ ಮೇಲೆಯೇ ನನ್ನ ಗಾಡಿ ಬೇಗ ಬೇಗ ನಿಂತಿದ್ದು ಇದೇ ಕಾರಣಕ್ಕೆ. ಮರಳಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕು, ಡಾಂಬರಿನಲ್ಲಿ ಕಡಿಮೆ ಸಾಕು. ಅರ್ಧ ಮುಚ್ಚಿದ ಪೈಪ್ ಡಾಂಬರಿನಲ್ಲಿ ಗುಟ್ಟು ಬಿಟ್ಟುಕೊಡುವುದಿಲ್ಲ, ಮರಳಿನಲ್ಲಿ ಕೈಕೊಡುತ್ತದೆ. ಹತ್ತು ನಿಮಿಷ ಬಿಟ್ಟರೆ ಗಾಳಿ ನಿಧಾನಕ್ಕೆ ಒಳಗೆ ಸೇರಿ ಎಲ್ಲ ಸರಿಯಾಗುತ್ತದೆ. ಬಿಸಿ ಇಳಿದದ್ದಕ್ಕೆ ಸರಿಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ.

ಮೂರನೇ ಸಲ ನಿಂತಾಗ ಕ್ಯಾನಿನ ಪೆಟ್ರೋಲಿನಲ್ಲಿ ನೀರಿದೆಯಾ ನೋಡೋಣ ಅಂತ ಮುಚ್ಚಳ ತೆರೆದೆ. ಸುತ್ತ ಗಾಳಿಯೂ ಇರಲಿಲ್ಲ. ಬಿಸಿ ಎಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು, ಕ್ರಿಯೋಸೋಟ್ ಗಿಡದ ವಾಸನೆ. ಮುಚ್ಚಳ ಕಾಲು ಸುತ್ತು ತಿರುಗಿದಾಗ ಸ್ಸ್ಸ್ ಅಂತ ಎರಡು ಸೆಕೆಂಡ್ ಉದ್ದದ ಸದ್ದು. ಗಾಳಿ ಒಳಗೆ ಹೋಗುವ ಸದ್ದು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮುಚ್ಚಳದಿಂದ ಹೊರಟ ಸಣ್ಣ ರಬ್ಬರ್ ಪೈಪ್ ಹ್ಯಾಂಡಲ್ ನಡುವಿನ ತೂತಿಗೆ ಇಳಿಯುತ್ತದೆ. ಟ್ಯಾಂಕ್ ಬ್ಯಾಗಿನ ಪಟ್ಟಿ ಸರಿಯಾಗಿ ಅದರ ಮೇಲೆಯೇ ಹಾದು, ಪೈಪನ್ನು ಮಡಚಿ ಒತ್ತಿ ಹಿಡಿದಿತ್ತು. ಪಟ್ಟಿ ಬಿಚ್ಚಿದಾಗಲೂ ಮಡಚಿದ ಗುರುತು ಬಿಳಿ ಗೆರೆಯಾಗಿ ಹಾಗೇ ಉಳಿದಿತ್ತು.

ಪಟ್ಟಿಯ ದಾರಿ ಬದಲಿಸಿದೆ. ಮಡಚಿದ್ದ ಕಡೆ ಪೈಪನ್ನು ಕತ್ತರಿಸಿ ಗಿಡ್ಡ ಮಾಡಿದೆ. ನಿಮ್ಮಲ್ಲಿ ಹೀಗೆ ಮಡಚಿರದಿದ್ದರೆ ಪೈಪ್ ಕಿತ್ತು ಬಾಯಿಂದ ಊದಿ ನೋಡಿ. ಮಣ್ಣು ಕಟ್ಟಿಕೊಂಡಿರಬಹುದು. ಕೆಲವು ಪೈಪುಗಳಲ್ಲಿ ಒಂದೇ ಕಡೆ ಗಾಳಿ ಬಿಡುವ ಸಣ್ಣ ವಾಲ್ವ್ ಇರುತ್ತದೆ. ಅದನ್ನು ತಿರುಗಾಮುರುಗ ಹಾಕಿದರೂ ಇದೇ ದೋಷ. ಗಾಳಿ ಟ್ಯಾಂಕಿನ ಒಳಗೆ ಹೋಗಲು ಬಿಡಬೇಕು, ಅದು ನೆನಪಿರಲಿ. ಮರುಭೂಮಿಯಲ್ಲಿ ಅನುಮಾನ ಬಂದರೆ ವಾಲ್ವನ್ನೇ ತೆಗೆದು ಬರೀ ಪೈಪ್ ಬಿಡಿ. ಅದೂ ಆಗದಿದ್ದರೆ ಮೂರು ಕಿಲೋಮೀಟರಿಗೊಮ್ಮೆ ನಿಂತು ಮುಚ್ಚಳ ತೆರೆದು ಮುಚ್ಚಿ. ಡಾಂಬರ್ ರಸ್ತೆ ತಲುಪಲು ಅಷ್ಟು ಸಾಕು.

ಸದ್ದೇ ಬರದಿದ್ದರೆ

ಆಗ ಕಾರ್ಬ್ಯುರೇಟರಿನ ಕೆಳಬಟ್ಟಲಿಗೆ ಬನ್ನಿ. ಅದರ ತಳದಲ್ಲಿ ಡ್ರೈನ್ ಸ್ಕ್ರೂ ಇರುತ್ತದೆ. ನೀರಿನ ಬಾಟಲಿಯ ತಳ ಕತ್ತರಿಸಿ ಬಟ್ಟಲು ಮಾಡಿಕೊಂಡು, ಡ್ರೈನ್ ಪೈಪಿನ ತುದಿ ಅದರಲ್ಲಿಟ್ಟು ಸ್ಕ್ರೂ ಸಡಿಲಿಸಿ. ಬಿಸಿ ಸೈಲೆನ್ಸರ್ ಮೇಲೆ ಒಂದು ಹನಿಯೂ ಬೀಳಬಾರದು, ಕೀ ಆಫ್ ಇರಲಿ. ಧಾರೆ ನಿಲ್ಲದೆ ಬರುತ್ತಿದ್ದರೆ ಪೆಟ್ರೋಲಿನ ದಾರಿ ಸರಿಯಿದೆ, ಕರೆಂಟಿನ ಕಡೆ ಹೋಗಿ. ನಾಲ್ಕು ಚಮಚ ಬಂದು ನಿಂತರೆ ಮೇಲೆಲ್ಲೋ ಕಟ್ಟಿಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಗಾಡಿಗಳ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಎಂಜಿನ್ನಿನ ಎಳೆತದಿಂದ ತೆರೆದುಕೊಳ್ಳುವಂಥದ್ದು. ಎಂಜಿನ್ ನಿಂತಾಗ ಅದರಿಂದ ಪೆಟ್ರೋಲ್ ಇಳಿಯುವುದೇ ಇಲ್ಲ. ಪ್ರೈಮ್ ಎಂಬ ಸ್ಥಾನ ಇದ್ದರೆ ಅದಕ್ಕೆ ತಿರುಗಿಸಿ ನೋಡಬೇಕು. ಇದು ಗೊತ್ತಿಲ್ಲದೆ ಚೆನ್ನಾಗಿರುವ ಕಾಕನ್ನೇ ಬಿಚ್ಚಿ ಮರಳಿನಲ್ಲಿ ಕೂತವರಿದ್ದಾರೆ. ಪ್ರೈಮಿಗೆ ಹಾಕಿದಾಗ ಗಾಡಿ ಚೆನ್ನಾಗಿ ಓಡಿ, ಆನ್‌ನಲ್ಲಿ ನಿಲ್ಲುತ್ತಿದ್ದರೆ ಕಾಕಿನ ಒಳಗಿನ ಡಯಾಫ್ರಮ್ ಎಂಬ ತೆಳು ಪೊರೆ ಅಥವಾ ಅದರ ಸಣ್ಣ ಪೈಪ್ ಸೀಳಿದೆ. ಪ್ರೈಮಿನಲ್ಲೇ ಮನೆ ತಲುಪಿ. ನಿಲ್ಲಿಸಿದಾಗ ಮಾತ್ರ ಆನ್‌ಗೆ ತಿರುಗಿಸಲು ಮರೆಯಬೇಡಿ.

ಬಟ್ಟಲಿನಿಂದ ಬಂದ ಪೆಟ್ರೋಲನ್ನು ಬಿಸಿಲಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಮಣಿಯ ಹಾಗೆ ಉರುಳುತ್ತದೆ. ಮರಳಿದ್ದರೆ ಮಿಣುಕುತ್ತದೆ. ಹೊಸ ಪ್ಲಾಸ್ಟಿಕ್ ಟ್ಯಾಂಕ್ ಹಾಕಿಸಿದ್ದರೆ ಅದರ ಹೊಟ್ಟಿನ ಚೂರುಗಳೂ ಸಿಗಬಹುದು. ಆಫ್ಟನ್ ಕಣಿವೆಯಂಥ ಕಡೆ ಕೆಸರು ನೀರು ದಾಟಿದ್ದರೆ ಕಾರ್ಬ್ಯುರೇಟರಿನಿಂದ ಕೆಳಗೆ ನೇತಾಡುವ ಗಾಳಿ ಪೈಪುಗಳ ತುದಿಯನ್ನೂ ನೋಡಿ. ಅಲ್ಲಿ ಕೆಸರು ಒಣಗಿ ಬಿರಡೆಯಾದರೂ ಬಟ್ಟಲಿಗೆ ಪೆಟ್ರೋಲ್ ಇಳಿಯುವುದು ತಪ್ಪುತ್ತದೆ.

ಪೆಟ್ರೋಲ್ ಪೈಪ್ ಬಿಸಿ ಸಿಲಿಂಡರಿಗೆ ತಾಗಿಕೊಂಡು ಹೋಗಿದೆಯಾ? ಬಿಸಿಗೆ ಒಳಗೇ ಆವಿಯ ಗುಳ್ಳೆ ಕಟ್ಟಿ ಪೆಟ್ರೋಲ್ ನಿಲ್ಲಬಹುದು. ಒದ್ದೆ ಬಟ್ಟೆಯನ್ನು ಪೈಪಿಗೆ ಸುತ್ತಿ ಒಂದು ನಿಮಿಷಕ್ಕೇ ಸ್ಟಾರ್ಟ್ ಆದರೆ ಅದೇ ಕಾರಣ. ಪೈಪಿನ ದಾರಿ ಬದಲಿಸಿ. ಚಳಿಗಾಲದ ಪೆಟ್ರೋಲ್ ಬೇಗ ಆವಿಯಾಗುವಂತೆ ತಯಾರಾಗಿರುತ್ತದೆ. ಅದು ಟ್ಯಾಂಕಿನಲ್ಲಿ ಉಳಿದಿದ್ದಾಗ ವಸಂತದ ಮೊದಲ ಬಿಸಿಲು ಬಂದರೆ ಹೀಗಾಗುವುದು ಸುಲಭ.

ಟಕ್ಕನೆ ನಿಂತಿದ್ದರೆ

ಹೆಡ್‌ಲೈಟ್, ಹಾರ್ನ್ ಎಲ್ಲ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್ ಮತ್ತು ಮೇನ್ ಫ್ಯೂಸ್. ತಗಡಿನ ಹಾಗೆ ಏಣೆದ್ದ ಮಣ್ಣು ರಸ್ತೆಯ ಮೇಲೆ ಗಂಟೆಗಟ್ಟಲೆ ನಡುಗಿದರೆ ಬ್ಯಾಟರಿಯ ಸ್ಕ್ರೂ ಸಡಿಲವಾಗುವುದು ಸಹಜ. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಲೈಟ್ ಇದ್ದು, ಕಿಲ್ ಸ್ವಿಚ್ಚೂ ಸರಿಯಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್, ಅಂದರೆ ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ಆರಿಸುವ ಸ್ವಿಚ್. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿ, ಗೇರ್ ಹಾಕಿದ ಕೂಡಲೇ ಸತ್ತರೆ ಅನುಮಾನವೇ ಬೇಡ. ಮರಳಿನ ದಿಬ್ಬಗಳ ಮೇಲೆ ಸ್ಟ್ಯಾಂಡ್ ಕುಣಿದಾಗಲೂ ಕ್ಷಣ ಕ್ಷಣಕ್ಕೆ ಕಟ್ ಆಗುತ್ತದೆ. ಸ್ವಿಚ್ಚಿನ ಮಣ್ಣು ಕೆರೆದು, ಸ್ಟ್ಯಾಂಡ್ ಹತ್ತು ಸಲ ಆಡಿಸಿ. ವೈರ್ ಬೈಪಾಸ್ ಮಾಡುವ ಬಗೆ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಎರಡು ವೈರ್ ಸೇರಿಸಬೇಕು, ಕೆಲವಕ್ಕೆ ಬಿಚ್ಚಿಡಬೇಕು. ನಿಮ್ಮ ಗಾಡಿಗೆ ಯಾವುದು ಅಂತ ಮನೆಯಲ್ಲೇ ತಿಳಿದುಕೊಂಡು ಹೋಗಿ.

ಬಿದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ, ಅದರಲ್ಲೂ ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ, ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಗಾಡಿ ಮಗುಚಿದ್ದನ್ನು ಗುರುತಿಸುವ ಸೆನ್ಸರ್ ಎಂಜಿನ್ ಆರಿಸಿರುತ್ತದೆ, ಹಲವು ಗಾಡಿಗಳಲ್ಲಿ ಕೀ ತಿರುಗಿಸದೆ ಅದು ಬಿಡುವುದಿಲ್ಲ. ಕೀ ಆನ್ ಆದಾಗ ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಪಂಪಿನ ಫ್ಯೂಸ್, ರಿಲೇ.

ಇವೆಲ್ಲ ಸರಿಯಿದ್ದರೆ ಸ್ಪಾರ್ಕ್ ನೋಡಿ. ಎಂಜಿನ್ನಿನಲ್ಲಿರುವ ಪ್ಲಗ್ ಬಿಚ್ಚುವುದು ಬೇಡ, ಕ್ಯಾಪನ್ನು ಕಿತ್ತು ಜೊತೆಗಿರುವ ಹೊಸ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಒತ್ತಿ. ಆಗ ತಾನೇ ಪೆಟ್ರೋಲ್ ಚೆಲ್ಲಿದ್ದರೆ ಈ ಪರೀಕ್ಷೆ ಸದ್ಯಕ್ಕೆ ಬೇಡ. ಬಿಸಿಯಲ್ಲಿ ಸ್ಪಾರ್ಕ್ ಇಲ್ಲ, ತಣ್ಣಗಾದ ಮೇಲೆ ಇದೆ ಅಂದರೆ ಸ್ಪಾರ್ಕಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಯಾವಾಗ ಬೇಕೆಂದು ಸೂಚನೆ ಕೊಡುವ ಪಿಕಪ್ ಕಾಯಿಲ್. ಬಿಸಿಗೆ ಒಳಗಿನ ತಂತಿ ಹಿಗ್ಗಿ, ಬಿರುಕಿದ್ದ ಕಡೆ ಬಿಟ್ಟುಕೊಳ್ಳುತ್ತದೆ. ಇದಕ್ಕೆ ದಾರಿಯಲ್ಲಿ ಮದ್ದಿಲ್ಲ. ನೆರಳಲ್ಲಿ ನಿಂತು, ಸಂಜೆ ತಂಪಿಗೆ ಸ್ವಲ್ಪ ಸ್ವಲ್ಪವೇ ಓಡಿಸಿ ರಸ್ತೆ ಸೇರುವುದೊಂದೇ. ಕಾಯಿಲಿನ ಓಮ್ಸ್ ಎಷ್ಟೆಂದು ಮನೆಯಲ್ಲಿ ತಣ್ಣಗಿದ್ದಾಗಲೇ ಅಳೆದು ಟೇಪಿನ ಮೇಲೆ ಬರೆದು ಸೀಟಿನ ಕೆಳಗೆ ಅಂಟಿಸಿ. ನಾನು ಈಗ ಹಾಗೆ ಮಾಡಿದ್ದೇನೆ.

ಫಿಲ್ಟರ್, ಬಿಸಿ, ಕ್ಲಚ್

ಸೋಡಾ ಲೇಕಿನ ಧೂಳು ಗೋಪಿಚಂದನದ ಪುಡಿಯಷ್ಟು ನುಣುಪು. ಮುಂದಿನವನ ಧೂಳಲ್ಲೇ ಒಂದು ಗಂಟೆ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಐಡಲ್ ಸರಿಯಿರುತ್ತದೆ, ಮೇಲಿನ ಆರ್‌ಪಿಎಂ ಏರುವುದಿಲ್ಲ, ಪ್ಲಗ್ ಮಸಿ ಹಿಡಿದಿರುತ್ತದೆ. ಎಣ್ಣೆ ಹಚ್ಚಿದ ಇನ್ನೊಂದು ಫೋಮ್ ಫಿಲ್ಟರನ್ನು ಜಿಪ್ ಕವರಿನಲ್ಲಿ ಒಯ್ಯಿರಿ. ಫಿಲ್ಟರ್ ಇಲ್ಲದೆ ಮಾತ್ರ ಒಂದು ಮಾರು ದೂರವೂ ಓಡಿಸಬೇಡಿ, ಆ ಧೂಳು ಪಿಸ್ಟನ್ನಿಗೆ ಉಪ್ಪುಕಾಗದವಿದ್ದ ಹಾಗೆ.

ರೇಡಿಯೇಟರ್ ಇರುವ ಗಾಡಿಯಲ್ಲಿ ನಿಂತಾಗ ಫ್ಯಾನ್ ಸದ್ದು ಇದೆಯಾ ಕೇಳಿ. ಇಲ್ಲದಿದ್ದರೆ ಫ್ಯಾನಿನ ಫ್ಯೂಸ್ ನೋಡಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಮರಳಿನಲ್ಲಿ ಕ್ಲಚ್ ಅರ್ಧ ಹಿಡಿದು ಓಡಿಸಿದರೆ ಪ್ಲೇಟ್ ಬಿಸಿಯಾಗಿ, ಲಿವರಿನ ಆಟ (ಸಡಿಲ) ಬದಲಾಗುತ್ತದೆ. ಆಟ ಪೂರ್ತಿ ಹೋಗಿದ್ದರೆ ಕ್ಲಚ್ ಜಾರಲು ಶುರುವಾಗುತ್ತದೆ. ಅಡ್ಜಸ್ಟರ್ ತಿರುಗಿಸಿ 2–3 ಮಿಲಿಮೀಟರ್ ಆಟ ಕೊಡಿ. ತಣ್ಣಗಾದ ಮೇಲೆ ಮತ್ತೆ ನೋಡಿ. ಎತ್ತರಕ್ಕೆ ಹೋದಾಗ ಸ್ವಲ್ಪ ಪಿಕಪ್ ಕಡಿಮೆಯಾಗುವುದು ದೋಷವಲ್ಲ. ಮೊಹಾವಿ ರೋಡ್ ಸೋಡಾ ಲೇಕಿನ ಸುಮಾರು 300 ಮೀಟರಿನಿಂದ 1,500 ಮೀಟರ್ ದಾಟಿ ಏರುತ್ತದೆ, ಗಾಳಿ ತೆಳ್ಳಗಾದಷ್ಟೂ ಶಕ್ತಿ ಇಳಿಯುತ್ತದೆ.

ಎಷ್ಟು ಹೊತ್ತು ಹುಡುಕಬೇಕು?

ನೀರು ಹೇಳುತ್ತದೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ, ಅದರ ಮೇಲೆ ಒಂದು ದಿನದ ಹೆಚ್ಚುವರಿ. ನಿಂತ ಕೂಡಲೇ ಜಾಕೆಟ್ ತೆಗೆಯಿರಿ, ಬೈಕಿಗೆ ಬಟ್ಟೆ ಕಟ್ಟಿ ಅದರ ನೆರಳಲ್ಲಿ ಕೆಲಸ ಮಾಡಿ. ಒಂದು ಗಂಟೆಯಲ್ಲಿ ದೋಷ ಸಿಗದಿದ್ದರೆ ಹುಡುಕುವುದನ್ನು ನಿಲ್ಲಿಸಿ, ಹೊರಬರುವ ದಾರಿ ಯೋಚಿಸಿ. ಗಾಡಿ ಬಿಟ್ಟು ನಡೆಯಬೇಡಿ. ಹುಡುಕಿ ಬರುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಸ್ಯಾಟಲೈಟ್ ಮೆಸೆಂಜರ್ (ಫೋನ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಸಂದೇಶ ಕಳಿಸುವ ಸಾಧನ) ಜೇಬಿನಲ್ಲಿರಲಿ, ಬ್ಯಾಗಿನಲ್ಲಿ ಬೇಡ.

ದೋಷ ಸಿಕ್ಕಿತು ಅನಿಸಿದ ಮೇಲೂ ಅದನ್ನು ಖಾತ್ರಿ ಮಾಡಿಕೊಳ್ಳಬೇಕು, ಅಲ್ವಾ? ಎರಡನೇ ಸಲದ ಪ್ಲಗ್ ನನಗೆ ಅದನ್ನು ಕಲಿಸಿತ್ತು. ಪೈಪ್ ಸರಿಮಾಡಿ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿದೆ. ಗಾಡಿ ನಿಲ್ಲಲಿಲ್ಲ. ಮಾರ್ಲ್ ಸ್ಪ್ರಿಂಗ್ಸ್ ತಲುಪಿದಾಗ ಮುಚ್ಚಳ ತೆರೆದೆ, ಸದ್ದಿಲ್ಲ. ಗೆಳೆಯ ಅಷ್ಟಕ್ಕೆ ಒಪ್ಪಲಿಲ್ಲ. "ಮತ್ತ ಆ ಪೈಪ್ ಮಡಚಿ ನೋಡೋಣು" ಅಂದ. ಸರಿಯಾದ ಮಾತು. ಉಳಿದಿದ್ದ ಪೈಪನ್ನು ಬೆರಳಿನಿಂದ ಮಡಚಿ, ಟೇಪ್ ಸುತ್ತಿ, ಅಲ್ಲೇ ಸುತ್ತಮುತ್ತ ಓಡಿಸಿದೆ. ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಮಿಸ್ಸಿಂಗ್ ಹೊಡೆದು ನಿಂತಿತು. ಟೇಪ್ ಕಿತ್ತೆ, ಸ್ಟಾರ್ಟ್ ಆಯಿತು. ಅಲ್ಲಿಂದ ಕೊಲೊರಾಡೊ ನದಿಯ ದಂಡೆ ಮುಟ್ಟುವ ತನಕ ಅದು ಮತ್ತೆ ನಿಲ್ಲಲಿಲ್ಲ.